ಸಂತೇಬೆನ್ನೂರು: ನಾಯಕರ ಹೊಂಡ, ಪಕ್ಕದಲ್ಲೇ ಮುಸಾಫಿರ್‌ಖಾನಾ

ದಾವಣಗೆರೆ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹೆಸರು ತಂದಿರುವುದು ಅಲ್ಲಿನ ಪುಷ್ಕರಿಣಿ. ಆದರೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕಗಳ ಪಟ್ಟಿಯಲ್ಲಿ ಈ ಸ್ಥಳ ದಾಖಲಾಗಿರುವುದು ‘ಮುಸಾಫಿರ್‌ಖಾನಾ ಮತ್ತು ಹೊಂಡ’ ಎಂಬ ಹೆಸರಿನಲ್ಲಿ. ಬಂದವರಲ್ಲಿ ಬಹುತೇಕರು ಹೊಂಡದ ನಡುವಿನ ಗೋಪುರದ ಚಿತ್ರ ತೆಗೆದುಕೊಂಡು ಹಿಂದಿರುಗುತ್ತಾರೆ. ಪಟ್ಟಿಯಲ್ಲಿ ಮೊದಲು ಬರುವ ಕಟ್ಟಡಕ್ಕೆ ಬೆನ್ನು ತಿರುಗಿಸಿ ನಿಂತೇ ಅದನ್ನೂ ನೋಡಿದೆವೆಂದುಕೊಳ್ಳುವವರೂ ಉಂಟು. ಇವೆರಡನ್ನು ಬೇರ್ಪಡಿಸಿದರೆ ಸಂತೇಬೆನ್ನೂರಿನ ಇತಿಹಾಸ ಅರ್ಧವಷ್ಟೇ ಉಳಿಯುತ್ತದೆ.

ಹೊಂಡವನ್ನು ಕಟ್ಟಿಸಿದವನು ಕೆಂಗ ಹನುಮಂತಪ್ಪ ನಾಯಕ. ಕಾಲ 16ನೇ ಶತಮಾನ ಎಂಬುದು ರೂಢಿಯಲ್ಲಿರುವ ಮಾತು. ಆತನ ಮನೆತನ ಇದೇ ತಾಲ್ಲೂಕಿನ ಬಸವಾಪಟ್ಟಣದಿಂದ ಆಳಿದ ಪಾಳೆಯಗಾರರದು. ಮುಂದೆ ಇವರೇ ತರೀಕೆರೆ ನಾಯಕರೆಂದು ಹೆಸರಾದರು. ರಂಗನಾಥ ದೇವಾಲಯದ ಎದುರಿಗೆ, ದೇವರ ಉತ್ಸವಗಳಿಗಾಗಿ ಈ ಕೊಳ ನಿರ್ಮಾಣಗೊಂಡಿತು. ಹೆಚ್ಚುಕಡಿಮೆ ಚೌಕಾಕಾರದ ಕೊಳದ ಒಂದೊಂದು ಬದಿಯೂ ಸುಮಾರು 240 ಅಡಿ ಇದೆ. ನಾಲ್ಕೂ ಕಡೆಯಿಂದ ನೀರಿನವರೆಗೆ ಇಳಿಯುವ ಕಲ್ಲಿನ ಮೆಟ್ಟಿಲುಗಳಿವೆ. ಅಂಚಿನುದ್ದಕ್ಕೂ ಎಂಟು ದಿಕ್ಕುಗಳಿಗೊಂದರಂತೆ ಇದ್ದ ಪುಟ್ಟ ಮಂಟಪಗಳಲ್ಲಿ ಆರು ಮಾತ್ರ ಉಳಿದಿವೆ.

ಎಲ್ಲಕ್ಕೂ ಕಣ್ಣು ಸೆಳೆಯುವುದು ನೀರಿನ ನಡುವೆ ನಿಂತ ವಸಂತ ಮಂಟಪ. ಕಲ್ಲಿನ ಜಗಲಿಯ ಮೇಲೆ ಅಂತಸ್ತುಗಳು ಮೇಲೇರುತ್ತಾ ಕಿರಿದಾಗಿ, ಶಿಖರದಲ್ಲಿ ಮುಗಿಯುತ್ತವೆ. ಪ್ರತಿ ಅಂತಸ್ತಿಗೂ ಕಮಾನುಗಳು, ಅವುಗಳ ಮೇಲೆ ಮುಂಚಾಚಿದ ಸೂರು. ಹಂಪಿಯ ಕಮಲ ಮಹಲನ್ನು ನೋಡಿದವರಿಗೆ ಈ ಕಮಾನುಗಳು ಅಪರಿಚಿತವೆನಿಸಲಾರವು. ತಳಭಾಗ, ವಿನ್ಯಾಸ ದೇವಾಲಯದ ಕೊಳದ್ದು. ಕಮಾನು, ಗಾರೆಯ ಕೆಲಸ ದಖನ್ನಿನ ಸುಲ್ತಾನರ ನಾಡಿನಿಂದ ಬಂದ ಕುಶಲಕಲೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ರೂಢಿಯ ಕಾಲಗಣನೆಯನ್ನು ಒಪ್ಪುವುದಾದರೆ, ಬಿಜಾಪುರದ ಸೇನೆ ಈ ಸೀಮೆಗೆ ಕಾಲಿಡುವ ಮೊದಲೇ ಬಿಜಾಪುರದ ಶೈಲಿ ಬಂದು, ಹಿಂದೂ ನಾಯಕನೊಬ್ಬನ ಉತ್ಸವ ಮಂಟಪದಲ್ಲಿ ನೆಲೆ ಕಂಡಿತ್ತು. ರಾಜರು ಕಾದಾಡುತ್ತಿದ್ದ ಕಾಲದಲ್ಲಿ ಕುಶಲಕರ್ಮಿಗಳ ವಿದ್ಯೆಗೆ ಗಡಿಯ ಅಡ್ಡಿ ಇದ್ದಂತಿಲ್ಲ.

ಸೇನೆ ಬಂದದ್ದು 1637ರ ಸುಮಾರಿಗೆ. 1565ರ ಯುದ್ಧದ ನಂತರ ವಿಜಯನಗರದ ಹಿಡಿತ ಸಡಿಲಗೊಂಡು, ಮಲೆನಾಡಿನ ಅಂಚಿನ ಪಾಳೆಯಗಾರರು ಪರಸ್ಪರ ಹೋರಾಟದಲ್ಲಿದ್ದರು. ಇಕ್ಕೇರಿಯ ವೀರಭದ್ರ ನಾಯಕನಿಗೂ ಬಸವಾಪಟ್ಟಣದವರಿಗೂ ವೈರವಿತ್ತು. ಆದಿಲ್‌ಶಾಹಿ ಸೇನಾನಿ ರಣದುಲ್ಲಾ ಖಾನ್ ಇಕ್ಕೇರಿಯ ಮೇಲೆ ಎರಗಿದಾಗ ಬಸವಾಪಟ್ಟಣದ ಕೆಂಗ ನಾಯಕ ಅವನ ಪಕ್ಷದಲ್ಲಿದ್ದ. ಈ ದಾಳಿಯ ಬೆನ್ನಿಗೇ ಇಕ್ಕೇರಿಯವರು ರಾಜಧಾನಿಯನ್ನು ಬಿದನೂರಿಗೆ ಬದಲಿಸಿದರು. ಆದರೆ ನೆರವಾದವನಿಗೂ ನೆಮ್ಮದಿ ದೊರೆಯಲಿಲ್ಲ. ಕೆಲವೇ ವರ್ಷಗಳಲ್ಲಿ ಆತ ಬಿಜಾಪುರದ ವಿರುದ್ಧ ತಿರುಗಿಬಿದ್ದ. ಬಸವಾಪಟ್ಟಣದ ಕೋಟೆ ಅವನ ಕೈತಪ್ಪಿತು. ಕೊಳ ಕಟ್ಟಿಸಿದ ಕೆಂಗ ಹನುಮಂತಪ್ಪನನ್ನೂ ಈ ಕೆಂಗ ನಾಯಕನನ್ನೂ ಒಬ್ಬನೇ ಎಂದು ಭಾವಿಸುವುದು ಸರಿಯಾಗಲಾರದು. ಜನಪದರ ಕಥೆಗಳಲ್ಲಿ ಮಾತ್ರ ಎಲ್ಲರೂ ಸೇರಿ ಒಬ್ಬನೇ ನಾಯಕ.

ಈ ಅವಧಿಯಲ್ಲಿ ರಂಗನಾಥ ದೇವಾಲಯ ಹಾಳಾಯಿತು, ಅದರ ಜಾಗದಲ್ಲಿ ರಣದುಲ್ಲಾ ಖಾನ್ ದೊಡ್ಡ ಕಟ್ಟಡವೊಂದನ್ನು ಎಬ್ಬಿಸಿದ ಎನ್ನಲಾಗಿದೆ. ಅದೇ ಮುಸಾಫಿರ್‌ಖಾನಾ. ಬಿ.ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಇದನ್ನು ಮಸೀದಿ ಎಂದೇ ಕರೆದಿದ್ದಾರೆ. ದಾರಿಹೋಕರ ತಂಗುದಾಣ ಎಂಬುದು ಈಗಿನ ಹೆಸರಿನ ಅರ್ಥ. ಕೋಪಗೊಂಡ ನಾಯಕ ಬಿಜಾಪುರದ ಅಧಿಕಾರಿಯನ್ನು ಕೊಂದ, ಹಾಗಾಗಿ ಕಟ್ಟಡ ಬಳಕೆಗೇ ಬರಲಿಲ್ಲ ಎಂಬ ಐತಿಹ್ಯವೂ ಇದೆ. ಐತಿಹ್ಯವನ್ನು ಐತಿಹ್ಯವೆಂದೇ ಓದಬೇಕು. ಕಟ್ಟಡವಂತೂ ಉದ್ದನೆಯ, ಅಲಂಕಾರಕ್ಕಿಂತ ಗಾತ್ರವನ್ನೇ ನಂಬಿದ ರಚನೆ. ಮೊನಚು ಕಮಾನುಗಳ ಸಾಲಿನಲ್ಲಿ ನಿಂತರೆ ಬಿಸಿಲಿನಲ್ಲೂ ತಂಪು.

ಬಿಜಾಪುರ 1686ರಲ್ಲಿ ಮೊಗಲರ ವಶವಾದಾಗ ಬಸವಾಪಟ್ಟಣ ಶಿರಾ ಸುಬಾದ ಒಂದು ಪರಗಣೆಯಾಯಿತು. ಸಂತೇಬೆನ್ನೂರು ನಾಯಕರ ಮೆಚ್ಚಿನ ತಾಣವಾಗಿದ್ದ ದಿನಗಳು ಅಷ್ಟರಲ್ಲಿ ಮುಗಿದಿದ್ದವು. 1997ರಲ್ಲಿ ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದ ಇತ್ತ ಸೇರಿದವು. ಹಳೆಯ ಪುಸ್ತಕಗಳಲ್ಲಿ ಈ ಊರನ್ನು ಹುಡುಕುವವರು ಶಿವಮೊಗ್ಗ ಜಿಲ್ಲೆಯ ಸಂಪುಟವನ್ನೇ ತೆರೆಯಬೇಕು.

ಇನ್ನು ಸಂರಕ್ಷಣೆಯ ಮಾತು. 1958ರ ಸ್ಮಾರಕ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಯ 200 ಮೀಟರ್ ನಿಯಂತ್ರಿತ ಪ್ರದೇಶ. ಮೊದಲನೆಯದರಲ್ಲಿ ಹೊಸ ಕಟ್ಟಡಕ್ಕೆ ಅವಕಾಶವೇ ಇಲ್ಲ. ಹಳೆಯ ಮನೆಯ ದುರಸ್ತಿಗೂ ಅನುಮತಿ ಬೇಕು. ಉಲ್ಲಂಘನೆಗೆ 2 ವರ್ಷದವರೆಗೆ ಸಜೆ, 1 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಹಂಪಿಯಂತಹ ಬಯಲಿನಲ್ಲಿ ಈ ಅಳತೆ ಸುಲಭ. ಸಂತೇಬೆನ್ನೂರಿನಂತೆ ಊರಿಗೆ ಅಂಟಿಕೊಂಡೇ ಸ್ಮಾರಕ ಇರುವಲ್ಲಿ, ಮಗನಿಗೊಂದು ಕೋಣೆ ಕಟ್ಟಿಕೊಡಬೇಕೆನ್ನುವ ಮನೆಯವನಿಗೂ ಅದು ತಟ್ಟುತ್ತದೆ. ಹಾಗೆಂದು ನಿಯಮ ಸಡಿಲಿಸಿದರೆ ಮೊದಲು ಮರೆಯಾಗುವುದು ಗೋಪುರದ ಹಿನ್ನೆಲೆಯ ಬಾನು.

ನೀರಿನ ಮಧ್ಯದ ಗಾರೆ ಕಟ್ಟಡಕ್ಕೆ ಇನ್ನೊಂದು ಅಪಾಯ ಬಿರುಕಿನಲ್ಲಿ ಬೇರೂರುವ ಅರಳಿ ಗಿಡದ್ದು. ಬೇರು ಇಳಿದಲ್ಲಿ ಮಳೆನೀರೂ ಇಳಿಯುತ್ತದೆ. ಇಂತಹ ಬಿರುಕಿಗೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಬರಲಾಗದೆ ಹಳೆಯ ಗಾರೆಯೇ ಉದುರುತ್ತದೆ. ಸುಣ್ಣದ ಗಾರೆಗೆ ಬೆಲ್ಲ, ಅಳಲೆಕಾಯಿಯ ನೀರು ಬೆರೆಸುವ ಹಿಂದಿನವರ ಕ್ರಮ ಇಂದಿಗೂ ಸಂರಕ್ಷಣಾ ಕೆಲಸದಲ್ಲಿ ಬಳಕೆಯಲ್ಲಿರುವುದು ಇದೇ ಕಾರಣಕ್ಕೆ.

ಸಂತೇಬೆನ್ನೂರು ದಾವಣಗೆರೆಯಿಂದ ಸುಮಾರು 40 ಕಿ.ಮೀ. ದೂರದಲ್ಲಿದೆ. ಇದೇ ತಾಲ್ಲೂಕಿನಲ್ಲಿರುವ ಸೂಳೆಕೆರೆಯನ್ನೂ ಬಸವಾಪಟ್ಟಣದ ಕೋಟೆಯನ್ನೂ ಸೇರಿಸಿಕೊಂಡರೆ ಒಂದು ದಿನದ ಪ್ರವಾಸವಾಗುತ್ತದೆ.