ಸೇವೆಗೆ ಹೋದವರು ಕಲಿತದ್ದೇನು?

1832ರ ಮಾರ್ಚಿನಲ್ಲಿ ಮೂವರು ತರುಣರು ಪಶ್ಚಿಮ ಆಫ್ರಿಕದ ಗೋಲ್ಡ್ ಕೋಸ್ಟ್, ಅಂದರೆ ಇಂದಿನ ಘಾನಾದ ಕರಾವಳಿಯಲ್ಲಿ ಹಡಗಿನಿಂದ ಇಳಿದರು. ಅವರನ್ನು ಕಳಿಸಿದ್ದು ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್. 1828ರಲ್ಲಿ ಅದೇ ಕರಾವಳಿಗೆ ಹೋಗಿದ್ದ ನಾಲ್ವರಲ್ಲಿ ಮೂವರು ವರ್ಷ ತುಂಬುವುದರೊಳಗೆ ತೀರಿಕೊಂಡಿದ್ದರು. ಹಾಗಾಗಿ ಈ ಸಲದ ತಂಡದಲ್ಲಿ ಹೈಂಜೆ ಎಂಬ ವೈದ್ಯನೂ ಇದ್ದ. ಬಂದ ಆರು ವಾರಗಳಲ್ಲಿ ಮೊದಲು ಸತ್ತವನು ಆ ವೈದ್ಯನೇ. ಜುಲೈ ಹೊತ್ತಿಗೆ ಇನ್ನೊಬ್ಬನೂ ಹೋದ. ಉಳಿದ ಆಂಡ್ರಿಯಾಸ್ ರೀಸ್ ಕೂಡ ಜ್ವರದಿಂದ ಮಲಗಿದ. ಅವನ ಜೀವ ಉಳಿಸಿದ್ದು ಅಲ್ಲಿನ ಒಬ್ಬ ಆಫ್ರಿಕನ್ ನಾಟಿ ವೈದ್ಯರ ಚಿಕಿತ್ಸೆ.

ಉದ್ಧಾರ ಮಾಡಲು ಹೋದವರು ಮೊದಲು ಉದ್ಧಾರವಾಗಬೇಕಾಯಿತು. ಮಿಷನರಿ ಬರಹಗಳ ಮೇಲೆ ಸಂಶೋಧನೆ ಮಾಡುತ್ತಿರುವ ನನಗೆ ಈ ಪ್ರಸಂಗ ಮತ್ತೆ ನೆನಪಾದದ್ದು ನಮ್ಮ ಹುಲಿಕೆರೆಯ ಹುಡುಗಿಯೊಬ್ಬಳ ಮಾತಿನಿಂದ. ಅವಳು ಬಿಎಸ್ಸಿ ನರ್ಸಿಂಗ್ ಓದುತ್ತಿದ್ದಾಳೆ. ಚರ್ಚಿನ ಸೇವಾ ಸಂಸ್ಥೆಯೊಂದರ ಮೂಲಕ ತಾಂಜಾನಿಯಾದ ಹಳ್ಳಿ ಆಸ್ಪತ್ರೆಯಲ್ಲಿ ಎರಡು ತಿಂಗಳು ಕೆಲಸ ಮಾಡುವ ಅವಕಾಶ ಬಂದಿದೆ. ಮನೆಯಲ್ಲಿ ಚರ್ಚೆ ನಡೆದಿರುವುದು ಧರ್ಮದ ಬಗ್ಗೆ. ಅವಳು ನನ್ನನ್ನು ಕೇಳಿದ್ದು ಬೇರೆಯದೇ: "ಅಕ್ಕ, ಎರಡು ತಿಂಗಳಲ್ಲಿ ನಾನು ಅವರಿಗೆ ಏನು ಮಾಡಕ್ಕಾಗುತ್ತೆ?"

ಈ ಪ್ರಶ್ನೆಗೆ ಉತ್ತರ ಹುಡುಕಲು ಆಫ್ರಿಕದವರೆಗೂ ಹೋಗಬೇಕಿಲ್ಲ. ಒಂದು ಕಾಲದಲ್ಲಿ ದೂರದೇಶದವರು ದೇವರ ಹೆಸರಿನಲ್ಲಿ ಸೇವೆಗೆಂದು ಹೊರಟು ಬರುತ್ತಿದ್ದ ಹಳ್ಳಿಗಾಡು ಹಾಸನ ಸೀಮೆಯೇ ಆಗಿತ್ತು. ಅವರ ವರದಿಗಳಲ್ಲಿ ನಾವು ರೋಗಿಗಳು, ಅಜ್ಞಾನಿಗಳು, ದೀನರು. ಅಂಥ ವರದಿಗಳನ್ನು ಓದಿ ಕಸಿವಿಸಿಗೊಳ್ಳುವ ನಾವೇ ಇವತ್ತು ಆಫ್ರಿಕ ಎಂದ ಕೂಡಲೇ ಅದೇ ಚಿತ್ರವನ್ನು ಕಣ್ಣಮುಂದೆ ತಂದುಕೊಳ್ಳುತ್ತೇವೆ.

ಹೀಗೆ ಬಂದವರಲ್ಲಿ ಫ್ರೆಂಚ್ ಪಾದ್ರಿ ಅಬ್ಬೆ ದುಬೊಯಿ ಒಬ್ಬ. 1792ರಲ್ಲಿ ಭಾರತಕ್ಕೆ ಬಂದವನು 1823ರಲ್ಲಿ ಹಿಂದಿರುಗಿದ. ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯಲ್ಲಿ ನೆಲೆನಿಂತು, ಹಾಸನದ ಹತ್ತಿರದ ಸಟ್ಟಳ್ಳಿಯಲ್ಲಿ ಕ್ರೈಸ್ತ ರೈತರ ನೆಲೆ ಕಟ್ಟಲು ದುಡಿದ. ಇಲ್ಲಿನವರಂತೆ ಉಡುತ್ತಿದ್ದ, ಇಲ್ಲಿನವರ ಊಟ ಮಾಡುತ್ತಿದ್ದ. ಜನ ಅವನನ್ನು ದೊಡ್ಡಸ್ವಾಮಿಯವರು ಎಂದು ಕರೆದರು. ಸಿಡುಬಿನ ಲಸಿಕೆ ಭಾರತ ಮುಟ್ಟಿದ್ದು 1802ರಲ್ಲಿ, ಮುಂಬಯಿಯಲ್ಲಿ. ಮರು ವರ್ಷದಿಂದಲೇ ದುಬೊಯಿ ಊರೂರು ತಿರುಗಿ ಲಸಿಕೆ ಹಾಕತೊಡಗಿದ. 1803-04ರಲ್ಲಿ ಅವನ ಉಸ್ತುವಾರಿಯಲ್ಲಿ ಲಸಿಕೆ ಪಡೆದವರು 25,000ಕ್ಕೂ ಹೆಚ್ಚು ಎಂದು ದಾಖಲೆಯಿದೆ. ಮೈಮೇಲೆ ಗಾಯ ಮಾಡಿ ಹಸುವಿನ ರೋಗದ ರಸ ಹಚ್ಚುವ ಕೆಲಸ ಅದು. ಮಕ್ಕಳ ತೋಳನ್ನು ತಾಯಂದಿರು ಯಾವ ಅಪರಿಚಿತನ ಮುಂದೆ ಚಾಚುತ್ತಾರೆ? ಹತ್ತು ವರ್ಷ ಈ ದೇಶದ ಜನರ ನಡುವೆ ಬದುಕಿ, ಅವರ ನಡೆನುಡಿ ಕಲಿತವನಾದ್ದರಿಂದ ಅದು ಸಾಧ್ಯವಾಯಿತು.

ದುಬೊಯಿಗೆ ಈ ಜನರ ಮೇಲೆ ತುಂಬು ಗೌರವವಿತ್ತು ಎಂದಲ್ಲ. ನಮ್ಮ ಆಚಾರವಿಚಾರಗಳ ಬಗ್ಗೆ ಅವನು ಬರೆದ ಪುಸ್ತಕದಲ್ಲಿ ತಾತ್ಸಾರ ಧಾರಾಳವಾಗಿದೆ. ಆದರೆ ಹೊರಡುವ ಹೊತ್ತಿಗೆ ಅವನು ಮುಟ್ಟಿದ ತೀರ್ಮಾನ ಕುತೂಹಲದ್ದು: ಹಿಂದೂಗಳ ಮತಾಂತರ ಆಗದ ಮಾತು. 1823ರಲ್ಲಿ ಪ್ರಕಟವಾದ ಅವನ ಪತ್ರಗಳು ಇದನ್ನೇ ವಾದಿಸಿದವು. ಬಂದ ಉದ್ದೇಶ ಕೈಗೂಡಲಿಲ್ಲವೆಂದು ಅವನೇ ಒಪ್ಪಿಕೊಂಡ. ಲಸಿಕೆ ಮಾತ್ರ ಉಳಿಯಿತು.

ನಂಬಿಕೆ ಒಬ್ಬರನ್ನು ಮನೆ ಬಿಡಿಸಿ ಸಮುದ್ರ ದಾಟಿಸಬಲ್ಲದು. ದಾಟಿದ ಮೇಲೆ ಏನು ಉಳಿಯುತ್ತದೆ ಎಂಬುದನ್ನು ನಿರ್ಧರಿಸುವುದು ಅಲ್ಲಿನ ಕಲಿಕೆ. ಇದಕ್ಕೆ ಸಾಹಿತ್ಯದ ವಿದ್ಯಾರ್ಥಿಗಳಿಗೆ ಚೆನ್ನಾಗಿ ಗೊತ್ತಿರುವ ಒಂದು ನಿದರ್ಶನವಿದೆ, ಅದರ ಅರ್ಧ ಭಾಗವನ್ನಷ್ಟೇ ನಾವು ಬಲ್ಲೆವು. ಗೋಲ್ಡ್ ಕೋಸ್ಟಿಗೆ ರೀಸ್‌ನನ್ನು ಕಳಿಸಿದ ಎರಡು ವರ್ಷಕ್ಕೆ, 1834ರಲ್ಲಿ, ಬಾಸೆಲ್ ಮಿಷನ್ ಮಂಗಳೂರಿಗೂ ಮೂವರನ್ನು ಕಳಿಸಿತು. 1853ರಲ್ಲಿ ಫರ್ಡಿನಾಂಡ್ ಕಿಟ್ಟೆಲ್ ಕನ್ನಡ ನಾಡಿಗೆ ಬಂದ. ಅದೇ 1853ರಲ್ಲಿ ಬಾಸೆಲಿನ ಅದೇ ಶಾಲೆಯಲ್ಲಿ ಓದಿದ ಕ್ರಿಸ್ಟಾಲರ್ ಗೋಲ್ಡ್ ಕೋಸ್ಟಿಗೆ ಹೋದ. ಕ್ರಿಸ್ಟಾಲರ್ ಅಲ್ಲಿನ ಟ್ವಿ ಭಾಷೆಯ ಮೂರು ಸಾವಿರಕ್ಕೂ ಹೆಚ್ಚು ಗಾದೆಗಳನ್ನು 1879ರಲ್ಲಿ, ನಿಘಂಟನ್ನು 1881ರಲ್ಲಿ ಪ್ರಕಟಿಸಿದ. ಕಿಟ್ಟೆಲ್ ನಿಘಂಟು ಬಂದದ್ದು 1894ರಲ್ಲಿ. ನಮ್ಮ ಕಿಟ್ಟೆಲ್‌ಗೆ ಆಫ್ರಿಕದಲ್ಲೊಬ್ಬ ಜೋಡಿಯಿದ್ದ.

ಇಬ್ಬರ ಕೆಲಸವೂ ಊರಿನವರಿಲ್ಲದೆ ಆಗುತ್ತಿರಲಿಲ್ಲ. ಕ್ರಿಸ್ಟಾಲರ್‌ಗೆ ನೆರವಾದ ಡೇವಿಡ್ ಅಸಾಂಟೆ ಬಾಸೆಲಿಗೆ ಹೋಗಿ ಓದಿ ಬಂದ ಆಫ್ರಿಕನ್. ಮಂಗಳೂರಿನಿಂದ ಹಾಗೆಯೇ ಬಾಸೆಲಿಗೆ ಹೋಗಿ 1851ರಲ್ಲಿ ಮರಳಿದವರು ಆನಂದರಾವ್ ಹರ್ಮನ್ ಕೌಂಡಿನ್ಯ. ಹೋದವರ ಶಿಲೆ, ಸ್ಮಾರಕಗಳು ನಮಗೆ ಗೊತ್ತು. ಅವರ ಬಾಯಿಗೆ ಮಾತು ಕಲಿಸಿದವರನ್ನು ಹುಡುಕಿ ತೆಗೆಯಬೇಕು.

ಮೈಸೂರು ಸಂಸ್ಥಾನದಲ್ಲಿ ಇದೇ ಬಗೆಯ ಕೆಲಸಕ್ಕೆ ಬಂದವರು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನವರು. 1876-78ರ ದೊಡ್ಡ ಬರದಲ್ಲಿ ಸಂಸ್ಥಾನದ ಸುಮಾರು 50 ಲಕ್ಷ ಜನರಲ್ಲಿ 10 ಲಕ್ಷದಷ್ಟು ಮಂದಿ ಸತ್ತರೆಂದು ಅಂದಾಜು. ತಬ್ಬಲಿಯಾದ ಹೆಣ್ಣುಮಕ್ಕಳಿಗೆ ಹಾಸನದಲ್ಲಿ ಅನಾಥಾಲಯವಾಯಿತು. ಮುಂದೆ ಅಲ್ಲೇ ರೆಡ್‌ಫರ್ನ್ ಸ್ಮಾರಕ ಆಸ್ಪತ್ರೆ ಬಂತು. ಮೈಸೂರಿನಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆಯಿತು. ಜನರ ಬಾಯಲ್ಲಿ ಅದು ಮಿಷನ್ ಆಸ್ಪತ್ರೆ. ಇಂಥ ಕಡೆ ರಾತ್ರಿ ಪಾಳಿ ಮಾಡಿದವರು, ಹೊಲಸು ಬಳಿದವರು, ಹಳ್ಳಿಯ ಬಾಣಂತಿಗೆ ಅವಳ ಮಾತಿನಲ್ಲೇ ಧೈರ್ಯ ಹೇಳಿದವರು ಬಹುಪಾಲು ಇಲ್ಲಿಯ ಕ್ರೈಸ್ತ ಹುಡುಗಿಯರು. ರಕ್ತ, ಮಲ, ಪರರ ಮೈ ಮುಟ್ಟುವುದು ಮೈಲಿಗೆಯೆಂದು ಉಳಿದವರು ಆ ಕಸುಬಿನಿಂದ ದೂರ ನಿಂತರು. ಸನ್ಯಾಸಿನಿಯರನ್ನು ಕರೆಯುವ 'ಸಿಸ್ಟರ್' ಎಂಬ ಪದ ಇವತ್ತು ಯಾವ ಜಾತಿ, ಯಾವ ಧರ್ಮದ ನರ್ಸಿಗೂ ನಮ್ಮ ಬಾಯಲ್ಲಿ ಸಲೀಸಾಗಿ ಬರುತ್ತದೆ. ಹುಲಿಕೆರೆಯಂಥ ಊರಿನ ಹುಡುಗಿ ನರ್ಸಿಂಗ್ ಸೇರಿದರೆ ಮನೆಯವರು ಹೆಮ್ಮೆಪಡುವ ಕಾಲ ಬಂದದ್ದು ಆ ಹುಡುಗಿಯರು ಅಂದು ಮೈಲಿಗೆಯ ಮಾತನ್ನು ನುಂಗಿಕೊಂಡು ದುಡಿದದ್ದರಿಂದ.

ಹೆರಿಗೆಗೆ ಅವರಿಗಿಂತ ಮೊದಲೇ ಇದ್ದವರು ಸೂಲಗಿತ್ತಿಯರು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಅವರು ತೀರಿಕೊಂಡರು. ಶಾಲೆಯ ಮೆಟ್ಟಿಲು ಹತ್ತದ ಆ ತಾಯಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದ್ದರು. ಸೂಲಗಿತ್ತಿಯರ ಎಲ್ಲ ರೂಢಿಗಳೂ ಸರಿಯಿದ್ದವು ಎಂದು ನಾನು ಹೇಳಲಾರೆ. ಆಸ್ಪತ್ರೆ ಹೆರಿಗೆಯಿಂದ ಎಷ್ಟೋ ಜೀವ ಉಳಿದಿವೆ. ಆದರೆ ಬಸುರಿಯ ಭಯ ಅರಿಯುವುದು, ಹೊಟ್ಟೆ ಮುಟ್ಟಿ ಮಗುವಿನ ತಲೆ ಎಲ್ಲಿದೆಯೆಂದು ಹೇಳುವುದು, ಇವು ಆ ಕೈಗಳಲ್ಲಿದ್ದ ವಿದ್ಯೆ. ತಾಂಜಾನಿಯಾದ ಹಳ್ಳಿಯಲ್ಲೂ ಅಂಥ ಕೈಗಳಿವೆ.

ಎರಡು ತಿಂಗಳಲ್ಲಿ ಯಾರೂ ಒಂದು ಊರಿನ ಆರೋಗ್ಯ ಬದಲಿಸುವುದಿಲ್ಲ. ಕಲಿಯಲು ಮಾತ್ರ ಅದು ಒಳ್ಳೆಯ ಕಾಲ. ಉರಿ, ಸೆಳೆತ, ಚುಚ್ಚು, ಜುಮ್ಮು ಎಂದು ನಮ್ಮ ಹೆಂಗಸರು ನೋವಿಗೆ ಹತ್ತು ಹೆಸರು ಹೇಳುತ್ತಾರೆ. ಅದು ತಿಳಿಯದ ಡಾಕ್ಟರ ಮುಂದೆ ಸುಮ್ಮನಾಗುತ್ತಾರೆ. ಸ್ವಾಹಿಲಿಯಲ್ಲಿ ನೋವಿಗೆ 'ಮೌಮಿವು' ಎನ್ನುತ್ತಾರೆ. ಹೊರಡುವ ಮುಂಚೆ ಕಲಿಯಬೇಕಾದ ಮೊದಲ ಪದ ಅದು. ಆಮೇಲಿನವನ್ನು ಅಲ್ಲಿನ ನರ್ಸುಗಳು ಕಲಿಸುತ್ತಾರೆ.

ಧರ್ಮದ ಬಗೆಗಿನ ಅಂಜಿಕೆ ಸುಳ್ಳಲ್ಲ. ಔಷಧಿಯ ಜೊತೆ ಮತವನ್ನೂ ಕೊಡಬೇಕೆಂದು ಬಂದವರ ಚರಿತ್ರೆ ನಮ್ಮಲ್ಲೇ ಇದೆ. ಕಾಯಿಲೆ ಬಿದ್ದವರ ಅಸಹಾಯಕತೆಯನ್ನು ಯಾವ ದೇವರ ಹೆಸರಿನಲ್ಲೂ ಬಳಸಿಕೊಳ್ಳಬಾರದು. ಆದರೆ ಯಾವ ಬ್ಯಾನರಿನಡಿ ಹೋದೆವು ಎಂಬುದಕ್ಕಿಂತ, ಅಲ್ಲಿ ಯಾರ ಮಾತಿಗೆ ಕಿವಿಗೊಟ್ಟೆವು ಎಂದು ಕೇಳಿಕೊಳ್ಳುವುದು ಹೆಚ್ಚು ಮುಖ್ಯ.

ಹೀಗೆ ಹೋಗುವವರೆಲ್ಲ ದಿನಚರಿ ಬರೆಯುತ್ತಾರೆ. ಮಿಷನರಿಗಳೂ ಬರೆದರು, ಇಂದಿನ ವಿದ್ಯಾರ್ಥಿಗಳೂ ಬರೆಯುತ್ತಾರೆ. ರೀಸ್ ಬದುಕಿ ಉಳಿದು, 1835ರಲ್ಲಿ ಅಕ್ರೊಪಾಂಗ್ ಬೆಟ್ಟಕ್ಕೆ ಹೋಗಿ ನೆಲೆಸಿದ. ಇಂದು ಘಾನಾದಲ್ಲಿ ಅವನ ಹೆಸರು ಮನೆಮಾತು. ಅವನನ್ನು ಬದುಕಿಸಿದ ವೈದ್ಯರ ಹೆಸರು ನಾನು ಓದಿದ ಮಿಷನ್ ಇತಿಹಾಸಗಳಲ್ಲಿ ಇಲ್ಲ. ಹೋಗುವವರು ಆ ಊರಿನಲ್ಲಿ ತಮಗೆ ಕಲಿಸಿದವರ ಹೆಸರನ್ನಾದರೂ ದಿನಚರಿಯ ಮೊದಲ ಪುಟದಲ್ಲಿ, ಕಾಗುಣಿತ ಕೇಳಿಕೊಂಡು, ಸರಿಯಾಗಿ ಬರೆದಿಡಲಿ.