ಪತ್ರಕರ್ತರು ಮತ್ತು ಸಾರ್ವಜನಿಕ ಸಂಪರ್ಕಾಧಿಕಾರಿಗಳ ಸಂಬಂಧ

ಪತ್ರಕರ್ತರು ಮತ್ತು ಸಾರ್ವಜನಿಕ ಸಂಪರ್ಕಾಧಿಕಾರಿಗಳ ಸಂಬಂಧವು ಪರಸ್ಪರ ಅವಲಂಬನೆ ಹಾಗೂ ಸಂಶಯಗಳೆರಡರಿಂದಲೂ ಕೂಡಿದ ವೃತ್ತಿಸಂಬಂಧವಾಗಿದೆ. ಕರ್ನಾಟಕ ಸರ್ಕಾರದ ಪರವಾಗಿ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯು ಪತ್ರಿಕಾ ಪ್ರಕಟಣೆಗಳನ್ನು ನೀಡುತ್ತದೆ. ಚಿಕ್ಕಮಗಳೂರಿನಲ್ಲಿ ಅದರ ಜಿಲ್ಲಾ ಕಚೇರಿಯಿದೆ. ಆಲ್ದೂರಿನಂತಹ ಹೋಬಳಿ ಕೇಂದ್ರಗಳನ್ನೊಳಗೊಂಡ ಕಾಫಿ ನಾಡಿನಲ್ಲಿ ಈ ಸಂಬಂಧವು ನಿಜವಾಗಿ ಒರೆಗೆ ಹತ್ತುವುದು ಬೆಳೆ ಅಂದಾಜಿನ ವಿಷಯದಲ್ಲಿ. ಕಾಫಿ ಮಂಡಳಿಯು ಹೂವರಳಿದ ಬಳಿಕ ಒಮ್ಮೆ, ಮಳೆಗಾಲದ ಬಳಿಕ ಮತ್ತೊಮ್ಮೆ ಅಂದಾಜನ್ನು ಪ್ರಕಟಿಸುತ್ತದೆ. ಅತಿವೃಷ್ಟಿಯಿಂದ ಕಾಯಿ ಉದುರಿದ ವರ್ಷಗಳಲ್ಲಿ ಈ ಅಂಕಿಗಳು ವಾಸ್ತವಕ್ಕಿಂತ ಹೆಚ್ಚೆಂದು ಬೆಳೆಗಾರರ ಸಂಘಟನೆಗಳು ಆಕ್ಷೇಪಿಸಿದ್ದುಂಟು. ಹೆಚ್ಚಿನ ಅಂದಾಜು ಧಾರಣೆಯನ್ನು ಕುಗ್ಗಿಸಬಹುದಾದ್ದರಿಂದ, ಪ್ರಕಟಣೆಯನ್ನು ಯಥಾವತ್ತಾಗಿ ಅಚ್ಚುಹಾಕುವುದಕ್ಕೂ ತೋಟವನ್ನು ಕಂಡು ಬರೆಯುವುದಕ್ಕೂ ಇರುವ ಅಂತರ ಸಣ್ಣದಲ್ಲ. ಸಂಘಟನೆಗಳ ಹೇಳಿಕೆಯಾದರೂ ಒಂದು ಬಗೆಯ ಸಾರ್ವಜನಿಕ ಸಂಪರ್ಕವೇ. ವರದಿಗಾರನು ಅದನ್ನೂ ತೋಟದಲ್ಲಿಯೇ ಪರಿಶೀಲಿಸಬೇಕಾಗುತ್ತದೆ.