ನಲವತ್ತು ವ್ಯಾಟಿನ ಭಾಗ್ಯ

ಶಿವನಸಮುದ್ರದಲ್ಲಿ ಹುಟ್ಟಿದ ಕರೆಂಟು 1902ರಲ್ಲಿ ಮೊದಲು ಹರಿದದ್ದು ಯಾರ ಮನೆಗೂ ಅಲ್ಲ. 92 ಮೈಲಿ ಆಚೆಗಿದ್ದ ಕೋಲಾರದ ಚಿನ್ನದ ಗಣಿಗೆ. 1905ರ ಆಗಸ್ಟ್ 5ರಂದು ಬೆಂಗಳೂರಿನ ಬೀದಿದೀಪ ಹೊತ್ತಿತು. ಗಣಿಯಾಯಿತು, ಬೀದಿಯಾಯಿತು, ಉಳ್ಳವರ ಬಂಗಲೆಯಾಯಿತು. ಸೀಮೆಎಣ್ಣೆ ಬುಡ್ಡಿಯ ಗುಡಿಸಲಿನ ಸರದಿ ಬರಲು ಮುಕ್ಕಾಲು ಶತಮಾನವೇ ಹಿಡಿಯಿತು.

ಗುಡಿಸಲು ಮೊದಲು ಮನೆಯಾಗಬೇಕಿತ್ತಲ್ಲ! 1972ರಲ್ಲಿ ಮುಖ್ಯಮಂತ್ರಿಯಾದ ದೇವರಾಜ ಅರಸರ ಕಾಲದಲ್ಲಿ ನೆಲೆಯಿಲ್ಲದವರಿಗೆ ಸೈಟು ಹಂಚುವ, ಅದರ ಮೇಲೆ ಜನತಾ ಮನೆ ಕಟ್ಟಿಸಿಕೊಡುವ ಕೆಲಸ ದೊಡ್ಡದಾಗಿ ನಡೆಯಿತು. ಊರೊಳಗೆ ಜಾಗ ಸಿಗದೆ ಎಷ್ಟೋ ಕಡೆ ಈ ಮನೆಗಳು ಊರಾಚೆ ಸಾಲಾಗಿ ಎದ್ದವು. 1990ರ ದಶಕದ ಆರಂಭದಲ್ಲಿ, ಬಂಗಾರಪ್ಪನವರ ಸರ್ಕಾರವಿದ್ದಾಗ, ಆಶ್ರಯ ಯೋಜನೆ ಬಂತು. ಹೀಗಾಗಿ ಬಡಾವಣೆಯ ಹೆಸರು ಕೇಳಿದರೇ ಅದರ ವಯಸ್ಸು ಗೊತ್ತಾಗುತ್ತದೆ: ಜನತಾ ಕಾಲೋನಿ ಎಂದರೆ ಅರಸರ ಕಾಲ, ಆಶ್ರಯ ಕಾಲೋನಿ ಎಂದರೆ ಅದರ ಮುಂದಿನ ತಲೆಮಾರು. 2000ದಲ್ಲಿ ಹುಟ್ಟಿದ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಹಣವನ್ನು ಕಂತಿನಲ್ಲಿ ಬಿಡುಗಡೆ ಮಾಡುತ್ತದೆ. ತಳಪಾಯಕ್ಕೊಂದು, ಗೋಡೆಗೊಂದು, ಚಾವಣಿಗೊಂದು. ಕಂತು ತಡವಾದರೆ ಗೋಡೆಯ ಕೆಲಸವೂ ಅಲ್ಲಿಗೇ ನಿಲ್ಲುತ್ತದೆ.

ಈ ಮನೆಗಳಿಗೆ ಬೆಳಕು ಕೊಟ್ಟದ್ದು 1980ರ ಆಸುಪಾಸಿನಲ್ಲಿ ಶುರುವಾದ ಭಾಗ್ಯಜ್ಯೋತಿ ಯೋಜನೆ. ಮನೆಗೊಂದು ಬಲ್ಬು, ಅದೂ ನಲವತ್ತು ವ್ಯಾಟಿನದು. ಕೇಂದ್ರ ಸರ್ಕಾರ 1988-89ರಲ್ಲಿ ಇಂಥದ್ದೇ ಕುಟೀರ ಜ್ಯೋತಿ ತಂದಿತು. ಮುಂದೆ ಎರಡನ್ನೂ ಬಿಲ್ಲಿನ ಲೆಕ್ಕದಲ್ಲಿ ಒಂದೇ ಗುಂಪಿಗೆ ಹಾಕಿ, ತಿಂಗಳಿಗೆ 18 ಯುನಿಟ್‌ವರೆಗಿನ ಖರ್ಚನ್ನು ರಾಜ್ಯ ಸರ್ಕಾರ ಭರಿಸಿತು.

ಹದಿನೆಂಟೇ ಏಕೆ? ನಲವತ್ತು ವ್ಯಾಟಿನ ಬಲ್ಬನ್ನು ದಿನಕ್ಕೆ ಹದಿನೈದು ತಾಸಿನಂತೆ ಮೂವತ್ತು ದಿನ ಉರಿಸಿದರೆ ಸರಿಯಾಗಿ 18 ಯುನಿಟ್ ಆಗುತ್ತದೆ. ಒಂಟಿ ಬಲ್ಬಿಗೆ ಇದು ಧಾರಾಳ. ಆದರೆ ಅದೇ ಬಲ್ಬನ್ನು ಸಂಜೆ ಐದು ತಾಸು ಉರಿಸಿ (6 ಯುನಿಟ್), ರಾತ್ರಿ ಎಂಟು ತಾಸು ಅರವತ್ತು ವ್ಯಾಟಿನ ಫ್ಯಾನು ತಿರುಗಿಸಿದರೆ (14 ಯುನಿಟ್‌ಗೂ ಮೇಲೆ) ಮಿತಿ ಮುಗಿದೇ ಹೋಯಿತು. ವಿದ್ಯುತ್ ನಿಯಂತ್ರಣ ಆಯೋಗದ ದರಪಟ್ಟಿ ಇನ್ನೂ ಖಡಕ್ಕಾಗಿತ್ತು: 18 ದಾಟಿದರೂ, ಒಂದಕ್ಕಿಂತ ಹೆಚ್ಚು ಪಾಯಿಂಟ್ ಕಂಡರೂ ಸಾಮಾನ್ಯ ಗೃಹಬಳಕೆಯ ದರದಲ್ಲೇ ಬಿಲ್ಲು. ಬಡವರ ಮನೆಗೆ ಫ್ಯಾನು ಬರಬಾರದೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ, ದರಪಟ್ಟಿಯೇ ಹೇಳಿತ್ತು. ಕಾಲೋನಿಗಳಿಗೆ ಟಿವಿ ಬಂತು, ಮಿಕ್ಸಿ ಬಂತು. ಜೊತೆಗೆ ಬಾಕಿಯೂ ಬೆಳೆಯಿತು. ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋಗುವುದೂ ಹೊಸ ಸಂಗತಿಯಾಗಿ ಉಳಿಯಲಿಲ್ಲ. 2017ರಲ್ಲಿ ಮಿತಿ 40 ಯುನಿಟ್‌ಗೆ ಏರಿತು.

2023ರ ಗೃಹಜ್ಯೋತಿ ಯೋಜನೆ ಇಡೀ ಲೆಕ್ಕವನ್ನೇ ಬದಲಿಸಿತು. ಕಲಬುರಗಿಯಲ್ಲಿ ಅದು ಉದ್ಘಾಟನೆಯಾದದ್ದೂ, ಬೆಂಗಳೂರಿನ ಬೀದಿದೀಪ ಹೊತ್ತಿದ ಹಾಗೆಯೇ, ಆಗಸ್ಟ್ 5ರಂದೇ. ಬೇಕೆಂದು ಆರಿಸಿದ ದಿನವೋ, ಕಾಕತಾಳೀಯವೋ. ಇಲ್ಲಿ ಬಡವ, ಬಲ್ಲಿದ ಎಂಬ ಭೇದವಿಲ್ಲ. ಹಿಂದಿನ ವರ್ಷದ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ, 200 ಯುನಿಟ್ ಮೀರದಂತೆ, ಉಚಿತ. ಹೊರಗೆ ಮಾತ್ರ 'ಇನ್ನೂರು ಯುನಿಟ್ ಫ್ರೀ' ಎಂದೇ ಹಬ್ಬಿತು. ತಿಂಗಳಿಗೆ 150 ಯುನಿಟ್ ಬಳಸುತ್ತಿದ್ದವರಿಗೆ 165 ಸಿಕ್ಕರೆ, ಬಿಲ್ಲಿಗೆ ಹೆದರಿ 40ರಲ್ಲೇ ಸಂಸಾರ ತೂಗಿಸಿದವರಿಗೆ ದಕ್ಕಿದ್ದು 44. ಹೊಟ್ಟೆ ಕಟ್ಟಿ ಉಳಿಸಿದ್ದೇ ತಪ್ಪಾಯಿತು! 2024ರ ಆರಂಭದಲ್ಲಿ ಸಚಿವ ಸಂಪುಟ ಕಡಿಮೆ ಬಳಸುವವರಿಗೆ ಶೇಕಡಾ 10ರ ಬದಲು 10 ಯುನಿಟ್ ಹೆಚ್ಚುವರಿ ಕೊಡಲು ಒಪ್ಪಿದ ಮೇಲೆ ಈ ಓರೆ ಒಂದಿಷ್ಟು ನೇರವಾಯಿತು.

ಇನ್ನೊಂದು ತೊಡಕು ಕಾಗದದ್ದು. ಹಕ್ಕುಪತ್ರವಿಲ್ಲದ ಮನೆಗೆ ಪಂಚಾಯಿತಿ ನಿರಾಕ್ಷೇಪಣಾ ಪತ್ರ ಕೊಡುತ್ತಿರಲಿಲ್ಲ. ಆ ಪತ್ರವಿಲ್ಲದೆ ಕರೆಂಟು ಸಿಗುತ್ತಿರಲಿಲ್ಲ. 2021ರ ಬೆಳಕು ಯೋಜನೆ ಈ ಗಂಟನ್ನು ಬಿಡಿಸಿ, ಆ ಪತ್ರವಿಲ್ಲದೆಯೂ ಸಂಪರ್ಕ ಕೊಡಲು ದಾರಿ ಮಾಡಿತು. ಗೃಹಜ್ಯೋತಿ ಬಾಡಿಗೆದಾರರನ್ನೂ ಒಳಗೆ ಸೇರಿಸಿಕೊಂಡದ್ದು ನಿಜಕ್ಕೂ ದೊಡ್ಡ ಹೆಜ್ಜೆ: ಆಧಾರ್, ಮೀಟರಿನ ಆರ್‌ಆರ್ ನಂಬರು ಮತ್ತು ಆ ಮನೆಯಲ್ಲಿ ಬಾಡಿಗೆಗಿರುವುದಕ್ಕೆ ಪುರಾವೆ ಇದ್ದರೆ ಸಾಕು. ಆದರೆ ನಾಲ್ಕೈದು ಸಂಸಾರಗಳಿಗೆ ಒಂದೇ ಮೀಟರಿರುವ ವಠಾರದಲ್ಲಿ ಆರ್‌ಆರ್ ನಂಬರೂ ಒಂದೇ. ಎಲ್ಲರ ಬಳಕೆ ಕೂಡಿ ತಿಂಗಳಿಗೆ 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಅದನ್ನು ತಲೆಗಿಷ್ಟೆಂದು ಹಂಚುವುದು ಮನೆ ಮಾಲೀಕರಿಗೆ ಬಿಟ್ಟದ್ದು.